ಟ್ರ್ಯಾಮಿನ ಹಿಂದೆ ಬಂದ ಕಾರು

ಎರಡನೇ ಸಲ ಫಿಟ್ಸ್ ಬಂದಾಗ ಡಾಕ್ಟರು, ಇನ್ನು ಡ್ರೈವಿಂಗ್ ಬೇಡ ಎಂದರು. ಪರದೇಶದಲ್ಲಿ ನಾವಿರುವ ನೇಪರ್‌ವಿಲ್ಲಿನಲ್ಲಿ ಡ್ರೈವಿಂಗ್ ಬೇಡವೆಂದರೆ ಮನೆಯಲ್ಲೇ ಬಿದ್ದಿರು ಎಂದರ್ಥ. ಇಲ್ಲಿ ರೈಲು ಸ್ಟೇಷನ್ನಿಗೆ ಹೋಗಲೂ ಕಾರೇ ಬೇಕು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ನಾನು ಗಂಡನ ದಾರಿ ಕಾಯಬೇಕಾಯಿತು. "ಯಾಕಮ್ಮಾ, ಈಗೀಗ ಡ್ರೈವೇ ಮಾಡಲ್ವಲ್ಲ ನೀನು?" ಎಂದು ಪಕ್ಕದ ಬಡಾವಣೆಯ ಆಂಟಿ ಕೇಳಿದರೆ ಬೆನ್ನುನೋವು ಎನ್ನುತ್ತಿದ್ದೆ. "ಯಾರ ಹತ್ರಾನೂ ಬಾಯಿ ಬಿಡಬೇಡ, ತಂಗಿಗೆ ಗಂಡು ನೋಡ್ತಿದೀವಿ" ಎಂದು ಮೈಸೂರಿನಿಂದ ಅಮ್ಮನ ಅಪ್ಪಣೆಯಾಗಿತ್ತು. ನನ್ನ ತಲೆ ಕೆಟ್ಟರೂ ಪರವಾಗಿಲ್ಲ, ಜನಕ್ಕೆ ಗೊತ್ತಾಗಬಾರದು.

ಉಸಿರು ಕಟ್ಟಿದಂತಾಗಿ ಟ್ರ್ಯಾಮ್ ಇರುವ ಊರುಗಳನ್ನು ಹುಡುಕತೊಡಗಿದೆ. ಅಂಥ ಕಡೆ ಮನೆ ಮಾಡಿದರೆ ಯಾರ ಹಂಗೂ ಇಲ್ಲದೆ ಓಡಾಡಬಹುದಲ್ಲ. ಜನ ಸ್ಕೂಲಿನ ರೇಟಿಂಗ್ ನೋಡಿ ಮನೆ ಕೊಳ್ಳುತ್ತಾರೆ, ನಾನು ಹಳಿ ನೋಡುತ್ತಿದ್ದೆ. ಶನಿವಾರ ಬಂದರೆ ನಮ್ಮವರನ್ನು ಹೊರಡಿಸುತ್ತಿದ್ದೆ. ಕೆನೋಶಾದ ಹಳೇ ಟ್ರ್ಯಾಮ್ ಸರೋವರದ ಕಡೆ ಒಂದು ಸುತ್ತು ಹಾಕಿ, ಹತ್ತಿದ ಜಾಗದಲ್ಲೇ ಇಳಿಸಿತು. ಮಿಲ್ವಾಕಿಯದು ಚೆನ್ನಾಗಿತ್ತು, ಆದರೆ ಅಲ್ಲಿಂದ ಇವರ ಇಟಾಸ್ಕಾ ಆಫೀಸಿಗೆ ದಿನಾ ಓಡಾಡಲು ಆಗದು. ಉಳಿದದ್ದು ಡೆಟ್ರಾಯಿಟ್. ಅಲ್ಲಿ ಇವರ ಕಂಪನಿಯ ಇನ್ನೊಂದು ಆಫೀಸಿತ್ತು, ಟ್ರಾನ್ಸ್‌ಫರ್ ಕೇಳಬಹುದಿತ್ತು. ಅದೂ ಆಗದಿದ್ದರೆ ನನಗೆ ಬೇರೆ ದಾರಿಯಿರಲಿಲ್ಲ.

"ನಾನೊಬ್ಬಳೇ ಹೋಗ್ತೀನಿ. ನೀವು ಹತ್ತಬೇಡಿ" ಎಂದೆ, ಡೆಟ್ರಾಯಿಟ್ಟಿನ ಟ್ರ್ಯಾಮ್ ಸ್ಟಾಪಿನಲ್ಲಿ.

"ಒಳಗೆ ಬಿದ್ದುಬಿಟ್ರೆ?"

"ಬಿದ್ರೆ ಯಾರಾದ್ರೂ ಎತ್ತುತ್ತಾರೆ."

ವುಡ್‌ವರ್ಡ್ ರಸ್ತೆಯ ಟ್ರ್ಯಾಮ್ ಹತ್ತಿದೆ. ಬಟ್ಟೆಯ ಮೂಟೆ ಹಿಡಿದಿದ್ದ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು. ನೀನೇಕೆ ಡ್ರೈವ್ ಮಾಡುವುದಿಲ್ಲ ಎಂದು ಅವಳು ಕೇಳಲಿಲ್ಲ. ಅಷ್ಟಕ್ಕೇ ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಹೊರಗೆ ನೋಡಿದರೆ ನಮ್ಮದೇ ಕಾರು. ಟ್ರ್ಯಾಮ್ ನಿಂತಾಗ ನಿಲ್ಲುತ್ತಿತ್ತು, ಹೊರಟಾಗ ಹೊರಡುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿದೆ.

"ಯಾಕ್ರೀ ಹಿಂದೆ ಬರ್ತಿದೀರ?"

"ನನ್ ಪಾಡಿಗೆ ನಾನು ಹೋಗ್ತಿದೀನಿ. ನೀನು ಈ ಕಡೆ ನೋಡ್ಬೇಡ."

"ನೀವು ಹೀಗೆ ಬಂದ್ರೆ ನಾನು ಒಬ್ಬಳೇ ಹೋದ ಹಾಗೆ ಹೇಗಾಗುತ್ತೆ?"

ಫೋನ್ ಇಟ್ಟೆ. ಮುಂದಿನ ಸಿಗ್ನಲ್ಲಿನಲ್ಲಿ ಟ್ರ್ಯಾಮ್ ದಾಟಿತು, ಕಾರು ಕೆಂಪು ದೀಪಕ್ಕೆ ಸಿಕ್ಕಿಕೊಂಡಿತು. ಸದ್ಯ, ಪೀಡೆ ತೊಲಗಿತು ಎಂದುಕೊಂಡೆ. ಮರುಕ್ಷಣ ಅಂಗೈ ಬೆವರಿತು, ನಾಲಿಗೆ ಒಣಗಿತು. ಇದು ಫಿಟ್ಸ್ ಬರುವ ಸೂಚನೆಯೋ ಬರೀ ಹೆದರಿಕೆಯೋ ತಿಳಿಯಲಿಲ್ಲ. ಎದ್ದು ಹಿಂದಿನ ಗಾಜಿನ ಹತ್ತಿರ ಹೋಗಿ ಕಾರು ಹುಡುಕಿದೆ. ಕಾಣಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ಬಂದ ದಾರಿಯನ್ನೇ ನೋಡುತ್ತ ನಿಂತೆ. ಕೊನೆಗೆ ಕಾರು ಬಂತು. ನಮ್ಮವರು ಒಳಗಿನಿಂದಲೇ ಬಾಗಿಲು ತೆರೆದರು.

"ಟ್ರ್ಯಾಮ್ ಇನ್ನೂ ಮುಂದೆ ಹೋಗುತ್ತಲ್ಲ, ಯಾಕೆ ಇಳಿದೆ? ಇಷ್ಟ ಆಯ್ತಾ? ಟ್ರಾನ್ಸ್‌ಫರ್ ಕೇಳ್ಲಾ?"

"ಬೇಡ. ಮನೆಗೆ ಹೋಗೋಣ" ಎಂದು ಸೀಟ್‌ಬೆಲ್ಟ್ ಹಾಕಿಕೊಂಡೆ.