ಹಲೋ ಚಿಕ್ಕಮ್ಮನ ಬಾಡಿಗೆದಾರ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರ ಬಾಯಲ್ಲೂ ಹಲೋ ಚಿಕ್ಕಮ್ಮ. ತಲೆಗೂದಲು ಕಪ್ಪಿದ್ದಾಗಿಂದ ನರೆಯುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತು, ಈ ತೂತಿನ ತಂತಿಯನ್ನು ಆ ತೂತಿಗೆ ಚುಚ್ಚಿ, ಊರವರನ್ನೆಲ್ಲ ಒಬ್ಬರಿಗೊಬ್ಬರು ಮಾತಾಡಿಸಿದವರು. ಜಗಳವಾಡಿ ಮುಖ ತಿರುಗಿಸಿಕೊಂಡ ಅಣ್ಣತಮ್ಮಂದಿರನ್ನೂ ಒಂದೇ ತಂತಿಗೆ ಸಿಕ್ಕಿಸಿದ ಗಟ್ಟಿಗಿತ್ತಿ. ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಬೋರ್ಡು ಗುಜರಿಗೆ ಹೋಯಿತು, ಚಿಕ್ಕಮ್ಮ ಮನೆಗೆ ಬಂದರು. ಆದರೆ ದನಿ ಸುಮ್ಮನಿರಬೇಕಲ್ಲ! ಇಂಥ ದನಿಯನ್ನು ಬರೀ ಗಂಡನನ್ನು ಬೈಯುವುದಕ್ಕೆ ಖರ್ಚು ಮಾಡುವುದು ಅನ್ಯಾಯವೆಂದು ಸ್ವತಃ ಗಂಡನೇ ಹೇಳುತ್ತಿದ್ದರು.

ಗಂಡ ಕೋಟು ಹೊಲಿಯುವ ದರ್ಜಿ. ಕೆಳಗಿನ ಕೋಣೆಯೇ ಅವರ ಅಂಗಡಿ. ಅದರ ಹಿಂಭಾಗದಲ್ಲಿ ಒಂದು ಹಲಗೆಯ ಗೋಡೆ, ಗೋಡೆಯಾಚೆ ಚಿಕ್ಕಮ್ಮನ ಕಂಪ್ಯೂಟರ್ ಮೇಜು. ಅಲ್ಲಿ ಕೂತು ಅವರು ಪುಸ್ತಕ ಓದಿ ರೆಕಾರ್ಡ್ ಮಾಡುತ್ತಿದ್ದರು. ಯಾರಿಗಾಗಿ ಅಂದರೆ, ಎದುರಿನ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವವಳಿಗಾಗಿ. ಅವಳಿಗೆ ಕಣ್ಣು ಕಾಣುವುದಿಲ್ಲ. ಬೆರಳು ಮಾತ್ರ ಭಾರಿ ಚುರುಕು, ಮುಟ್ಟಿದರೆ ಸಾಕು, ಇದು ಹತ್ತಿ, ಇದು ಬೆರಕೆ ಎಂದು ಹೇಳಿಬಿಡುತ್ತಾಳೆ. ಆ ಬೆರಳುಗಳನ್ನು ನಂಬಿ ಅಂಗಮರ್ದನ ಚಿಕಿತ್ಸೆಯ ಕೋರ್ಸಿಗೆ ಸೇರಿದ್ದಳು. ಪರೀಕ್ಷೆ ಪಾಸಾದರೆ ಆಸ್ಪತ್ರೆಯಲ್ಲಿ ಕೆಲಸ, ಇಲ್ಲವಾದರೆ ಮತ್ತೆ ಬಿಸಿ ಬಟ್ಟೆಯ ರಾಶಿ. ಓದಬೇಕಾದ ಪುಸ್ತಕವೋ ದಿಂಬಿನಷ್ಟು ದಪ್ಪ, ಮೂಳೆ, ಕೀಲು, ಸ್ನಾಯು. ಕೋರ್ಸಿನವರು ಒಂದೇ ಒಂದು ಪ್ರತಿಯನ್ನು ಎರವಲು ಕೊಟ್ಟಿದ್ದರು, ಚಿಕ್ಕಮ್ಮ ಓದಿ ಮುಗಿಸಿದ ಕೂಡಲೇ ಅದು ಇನ್ಯಾರದೋ ಕೈಗೆ ಹೋಯಿತು.

ರೆಕಾರ್ಡಿಂಗಿಗೆ ಒಂದೇ ಕಂಟಕ, ಹೊಲಿಗೆ ಯಂತ್ರದ ಗರಗರ. ತೊಡೆಯ ಸ್ನಾಯುವಿನ ನಡುವೆ ಗರ್ರ್ ಎಂದು ಒಂದು ತೋಳು ಹೊಲಿದು ಮುಗಿಯುತ್ತಿತ್ತು. ಆ ಗರಗರವನ್ನು ತೊಳೆದು ತೆಗೆಯುವ ಪ್ರೋಗ್ರಾಮ್ ಒಂದನ್ನು ಸೊಸೆ ಹುಡುಕಿದಳು. ಅದು ಲಿನಕ್ಸ್‌ನಲ್ಲಿ ಮಾತ್ರ ಓಡುತ್ತದಂತೆ. ಸರಿ, ವಿಂಡೋಸ್ ಕಂಪ್ಯೂಟರಿನೊಳಗೇ ಲಿನಕ್ಸ್ ಅನ್ನೂ ಕೂರಿಸಿಕೊಟ್ಟಳು. "ಮನೆಯೊಳಗೆ ಬಾಡಿಗೆದಾರ ಇದ್ದ ಹಾಗೆ ಅತ್ತೆ. ಅವನಿಗೆ ಬೇರೆ ಬಾಗಿಲು, ಬೇರೆ ಭಾಷೆ" ಎಂದಳು. ಬಾಡಿಗೆದಾರನ ಬಾಗಿಲು ಎಂದರೆ ಒಂದು ಕಪ್ಪು ಕಿಟಕಿ. ಅದರಲ್ಲಿ ಆಜ್ಞೆ ಬೆರಳಚ್ಚಿಸಬೇಕು, ಅವನು ಕೆಲಸ ಮಾಡಿಕೊಡುತ್ತಾನೆ. ಲಾಂಡ್ರಿಯವಳಿಗೆ ಕೊಡಬೇಕಾದ ಹೊರಗಿನ ಡ್ರೈವ್ ಚುಚ್ಚಿದರೆ ಅವನಿಗೆ ಅದು ಕಾಣುವುದು 'ಇ' ಎಂಬ ಫೋಲ್ಡರಿನಲ್ಲಿ, ತೊಳೆದ ಅಧ್ಯಾಯಗಳನ್ನು ಅಲ್ಲಿಗೆ ಹಾಕಬೇಕು. ಅವನು ಅನುಮತಿ ಇಲ್ಲವೆಂದು ಗೊಣಗಿದರೆ ಆಜ್ಞೆಯ ಮುಂದೆ ಒಂದು ಪದ ಸೇರಿಸಬೇಕು, ಬಾಲ ಮುದುರಿಕೊಂಡು ಒಪ್ಪುತ್ತಾನೆ. ಚಿಕ್ಕಮ್ಮ ಆ ಪದಕ್ಕೆ 'ಯಜಮಾನಿ ಪದ' ಎಂದು ಹೆಸರಿಟ್ಟರು. ಅದು ಅವರಿಗೆ ಬಲು ಇಷ್ಟವಾಯಿತು.

ಮೊದಮೊದಲು ಎಲ್ಲ ಸುಸೂತ್ರ. ಬೆಳಿಗ್ಗೆ ಡ್ರೈವ್ ಚುಚ್ಚಿ, ಆಮೇಲೆ ಕಪ್ಪು ಕಿಟಕಿ ತೆರೆದು, ಸಂಜೆವರೆಗೆ ಕೆಲಸ. ಪುಸ್ತಕ ಅರ್ಧವಾಗುವ ಹೊತ್ತಿಗೆ ಡ್ರೈವಿನ ಮೈಮೇಲೆಲ್ಲ ಬಟ್ಟೆಯ ದೂಳು ಕೂತಿದ್ದನ್ನು ಚಿಕ್ಕಮ್ಮ ಕಂಡರು. ಜತನದ ಹೆಂಗಸು. ಗಂಡನ ಗುಂಡಿ ಡಬ್ಬಿ ಖಾಲಿ ಮಾಡಿ, ಡ್ರೈವನ್ನು ಅದರೊಳಗಿಟ್ಟು ಮುಚ್ಚಳ ಹಾಕಿದರು. ಅಂದಿನಿಂದ ದಿನವೆಲ್ಲ ಕೆಲಸ ಮಾಡಿ, ಕೊನೆಗೆ ಡಬ್ಬಿ ತೆರೆದು, ಡ್ರೈವ್ ಚುಚ್ಚಿ, ನಕಲು ಮಾಡುವುದು. ಅಂದೇ ಬಾಡಿಗೆದಾರ ಮೊದಲ ಸಲ ಅನುಮತಿ ಇಲ್ಲವೆಂದ. ಯಾಕಪ್ಪಾ ಎಂದು ಕೇಳುವ ವ್ಯವಧಾನ ಯಾರಿಗಿದೆ? ಚಿಕ್ಕಮ್ಮ ಯಜಮಾನಿ ಪದ ಬಿಸಾಡಿದರು, ಅವನು ತೆಪ್ಪಗಾದ. ಫೋಲ್ಡರಿನಲ್ಲಿ ಅಧ್ಯಾಯ ಕಂಡಿತು. ಹಳೆಯ ಕಂಪ್ಯೂಟರಿನಲ್ಲಿ ಜಾಗ ಕಡಿಮೆಯೆಂದು ಮೂಲ ರೆಕಾರ್ಡಿಂಗನ್ನು ಅಳಿಸಿಹಾಕಿದರು. ಆದರೂ ಜಾಗವಿಲ್ಲ, ಜಾಗವಿಲ್ಲ ಎಂದು ಕಂಪ್ಯೂಟರ್ ದಿನವೂ ರಗಳೆ ತೆಗೆಯುತ್ತಿತ್ತು. ಅದೇಕೆಂದು ಚಿಕ್ಕಮ್ಮನಿಗೆ ಹೊಳೆಯಲಿಲ್ಲ.

ಪುಸ್ತಕ ಮುಗಿಯಿತು. ಡ್ರೈವನ್ನು ಲಾಂಡ್ರಿಯವಳ ಕೈಗಿಟ್ಟು ಚಿಕ್ಕಮ್ಮ ಮನೆಯೊಳಗೆ ಕುಣಿಯುವುದೊಂದು ಬಾಕಿ. ಮರುದಿನ ಬೆಳಿಗ್ಗೆ ಅವಳು ಕೋಲು ಕುಟ್ಟುತ್ತ ಬಂದಳು.

"ಚಿಕ್ಕಮ್ಮ, ಸೊಂಟದ ತನಕ ಬಂದು ನಿಂತೋಯ್ತು."

"ಏನು ನಿಂತೋಯ್ತು?"

"ಪುಸ್ತಕ. ಕಾಲು ಇದೆ, ಸೊಂಟ ಇದೆ. ಬೆನ್ನಿಲ್ಲ, ಭುಜ ಇಲ್ಲ, ಕೈ ಇಲ್ಲ."

ಚಿಕ್ಕಮ್ಮ ಅವಳ ಕೈಯಿಂದ ಡ್ರೈವ್ ಇಸಿದುಕೊಂಡರು. ಅದನ್ನು ಚುಚ್ಚಿ ವಿಂಡೋಸ್‌ನಲ್ಲಿ ನೋಡಿದರು, ಅರ್ಧ ಪುಸ್ತಕ. ಕಪ್ಪು ಕಿಟಕಿ ತೆರೆದು 'ಇ' ಫೋಲ್ಡರಿನಲ್ಲಿ ನೋಡಿದರು, ಅಲ್ಲೂ ಅಷ್ಟೇ ಅರ್ಧ. ದಿನವೂ ಕಣ್ಣಾರೆ ಕಂಡ ಅಧ್ಯಾಯಗಳು! ಯಾವ ನೆಲ ನುಂಗಿತು?

"ಪರೀಕ್ಷೆ ಬುಧವಾರ" ಎಂದಳು ಲಾಂಡ್ರಿಯವಳು, ಮೆಲ್ಲಗೆ. ಬೈಯಲಿಲ್ಲ, ಅಳಲಿಲ್ಲ. "ಇರೋದನ್ನಾದ್ರೂ ಇನ್ನೊಂದ್ಸಲ ಕೇಳ್ಕೋತೀನಿ" ಎಂದು ಡ್ರೈವನ್ನು ಎತ್ತಿಕೊಂಡು ಹೋದಳು. ಬೈದಿದ್ದರೆ ಚಿಕ್ಕಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಸೊಸೆಗೆ ಫೋನ್ ಮಾಡಿದರು. ಅವಳದು ಔಷಧಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ, ಊಟದ ಬಿಡುವಿನವರೆಗೆ ಫೋನು ಕಪಾಟಿನೊಳಗೆ.

ದರ್ಜಿ ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡು ಬಂದು ಇಣುಕಿದರು. "ಕೀ ಕಳೆದೋಯ್ತು ಅಂತ ಎಷ್ಟು ಜನ ಬರ್ತಾರೆ ಗೊತ್ತೇನೇ ನನ್ನ ಹತ್ರ? ಜೇಬಲ್ಲಿ ಇರಲ್ಲ. ಜೇಬು ತೂತಾಗಿ, ಜಾರಿ, ಲೈನಿಂಗ್ ಒಳಗೆ ಕೂತಿರತ್ತೆ. ಕೋಟಲ್ಲೇ ಇರತ್ತೆ ಅಂತೀನಿ."

"ರೀ, ಇದು ಕೋಟಲ್ಲ. ಹೋಗಿ ನಿಮ್ಮ ಗುಂಡಿ ಹೊಲೀರಿ."

"ಗುಂಡಿ ಡಬ್ಬೀನ ನೀನೇ ಕಿತ್ಕೊಂಡಿದೀಯಲ್ಲ" ಎಂದು ಗೊಣಗುತ್ತ ದರ್ಜಿ ಹಿಂದಿರುಗಿದರು.

ಚಿಕ್ಕಮ್ಮನ ಸಿಟ್ಟು ಈಗ ಬಾಡಿಗೆದಾರನ ಮೇಲೆ ತಿರುಗಿತು. ಉಂಡ ಮನೆಗೆ ಎರಡು ಬಗೆಯುವವನನ್ನು ಇಟ್ಟುಕೊಳ್ಳುವುದು ಯಾತಕ್ಕೆ? ಜಾಗವಿಲ್ಲ ಎಂಬ ರಗಳೆಗೂ ಅವನೇ ಕಾರಣವಿರಬೇಕು. ಅವನನ್ನು ಗಂಟುಮೂಟೆ ಸಮೇತ ಹೊರಗೆ ಹಾಕುವುದೇ ಸರಿ. ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದರು, ಲಿನಕ್ಸ್ ಅನ್ನು ಕಿತ್ತುಹಾಕುವ ಜಾಗ ಹುಡುಕಿದರು. ತೆಗೆದರೆ ಅದರೊಳಗಿನದ್ದೆಲ್ಲ ಹೋಗುತ್ತದೆ, ಖಂಡಿತವೇ ಎಂದು ಕಂಪ್ಯೂಟರ್ ಕೇಳಿತು. ಚಿಕ್ಕಮ್ಮನ ಬೆರಳು ಮೌಸಿನ ಮೇಲೆ.

ಬೆರಳು ಅಲ್ಲೇ ನಿಂತಿತು. ಅದು ಎಕ್ಸ್‌ಚೇಂಜಿನ ಬೆರಳು. ಅಲ್ಲಿ ಒಂದು ಪದ್ಧತಿಯಿತ್ತು. ತಂತಿ ಕೀಳುವ ಮೊದಲು ಒಂದು ಸಲ ಕಿವಿಗೊಟ್ಟು, 'ಮಾತಾಡ್ತಾ ಇದೀರಾ?' ಎಂದು ಕೇಳಲೇಬೇಕು. ದೀಪ ಆರಿದ್ದರೂ ಕೇಳಬೇಕು, ಅವಸರವಿದ್ದರೂ ಕೇಳಬೇಕು. ಕೇಳದೆ ಕಿತ್ತು, ಯಾರದೋ ಕೊನೆಯ ಮಾತನ್ನು ಅರ್ಧಕ್ಕೆ ಕತ್ತರಿಸಿದವರ ಕಥೆಗಳನ್ನು ಹೊಸಬರಿಗೆ ಮೊದಲ ದಿನವೇ ಹೇಳಿ ಹೆದರಿಸುತ್ತಿದ್ದರು. ಹಾಳಾದವನೇ ಆಗಿರಲಿ, ಕೇಳದೆ ಕೀಳುವುದು ಚಿಕ್ಕಮ್ಮನ ಜಾಯಮಾನವಲ್ಲ. ಬೇಡವೆಂದು ಒತ್ತಿ, ಕಪ್ಪು ಕಿಟಕಿ ತೆರೆದರು. 'ಇ' ಫೋಲ್ಡರಿನಲ್ಲಿ ಏನಿದೆ ತೋರಿಸು ಎಂದು ಬೆರಳಚ್ಚಿಸಿದರು. ಡ್ರೈವ್ ಲಾಂಡ್ರಿಯಲ್ಲಿದೆ, ಖಾಲಿ ತೋರಿಸುತ್ತಾನೆ, ಆಮೇಲೆ ಅವನ ದಾರಿ ಅವನಿಗೆ.

ಖಾಲಿ ಇರಲಿಲ್ಲ. ಬೆನ್ನು. ಭುಜ. ಮೊಣಕೈ. ಮಣಿಕಟ್ಟು. ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು.

"ರೀ!" ಎಂದು ಚಿಕ್ಕಮ್ಮ ಕೂಗಿದ ರಭಸಕ್ಕೆ ದರ್ಜಿ ಸೂಜಿ ಚುಚ್ಚಿಕೊಂಡರು. "ಡ್ರೈವ್ ಇಲ್ಲ ಕಣ್ರೀ, ಅದರಲ್ಲಿ ಫೈಲ್ ಇದೆ!"

"ಡ್ರೈವೇ ಇಲ್ಲ ಅಂದ್ಮೇಲೆ ಅದರಲ್ಲಿ ಹೇಗೇ ಇರತ್ತೆ?"

"ಅದೇ ನಂಗೂ ಗೊತ್ತಾಗ್ತಿಲ್ಲ!"

ಭುಜದ ಅಧ್ಯಾಯವನ್ನು ಹಚ್ಚಿ ಕೇಳಿದರು. ತಮ್ಮದೇ ದನಿ, ಶುದ್ಧವಾಗಿ, ಗರಗರವಿಲ್ಲದೆ. ಚಿಕ್ಕಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಪ್ಪಲಿ ಅದಲು ಬದಲು ಹಾಕಿಕೊಂಡೇ ಲಾಂಡ್ರಿಗೆ ಓಡಿ, ಹಬೆಯ ನಡುವೆ ನುಗ್ಗಿ, "ಸಿಕ್ತು ಕಣೇ, ಕೊಡು ಇಲ್ಲಿ" ಎಂದು ಡ್ರೈವ್ ಕಸಿದುಕೊಂಡು ಬಂದರು. ಈ ಸಲ ಎಲ್ಲವನ್ನೂ ಮೊದಲಿನ ಹಾಗೆ ಶಿಸ್ತಾಗಿ ಮಾಡೋಣವೆಂದು ಕಂಪ್ಯೂಟರ್ ಆರಿಸಿ, ಡ್ರೈವ್ ಚುಚ್ಚಿ, ಹೊತ್ತಿಸಿ, ಕಪ್ಪು ಕಿಟಕಿ ತೆರೆದರು.

ಕಾಲು. ಸೊಂಟ. ಅಷ್ಟೇ. ಬೆನ್ನೂ ಇಲ್ಲ, ಭುಜವೂ ಇಲ್ಲ.

ಚಿಕ್ಕಮ್ಮ ತಲೆಯ ಮೇಲೆ ಕೈಹೊತ್ತು ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ! ಅಷ್ಟರಲ್ಲಿ ಸೊಸೆಯ ಫೋನ್ ಬಂತು. ಅತ್ತೆ ಒಂದೇ ಉಸಿರಿಗೆ ಗುಂಡಿ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಒದರಿದರು. ಆ ಕಡೆ ಸೊಸೆಗೆ ನಗು ತಡೆಯಲಾಗಲಿಲ್ಲ.

"ಅತ್ತೆ, ಏನೂ ಹೋಗಿಲ್ಲ. ಕಿಟಕಿ ತೆರೆದ ಮೇಲೆ ಡ್ರೈವ್ ಚುಚ್ಚಿದ್ರೆ ಅವನಿಗೆ ಗೊತ್ತೇ ಆಗಲ್ಲ. 'ಇ' ಅನ್ನೋದು ಬರೀ ಖಾಲಿ ಫೋಲ್ಡರ್ ಆಗಿರತ್ತೆ. ನೀವು ಅರ್ಧ ಪುಸ್ತಕಾನ ಡ್ರೈವಿಗಲ್ಲ, ಅವನ ಸ್ವಂತ ಕೋಣೆಗೆ ಹಾಕಿದೀರ. ಜಾಗ ಇಲ್ಲ ಅಂತ ಕಂಪ್ಯೂಟರ್ ರಗಳೆ ತೆಗೀತಿದ್ದದ್ದೂ ಅದಕ್ಕೇ."

"ಮತ್ತೆ ಈಗ ಯಾಕೆ ಕಾಣ್ತಿಲ್ಲ?"

"ಈಗ ಡ್ರೈವ್ ಸರಿಯಾಗಿ ಬಂದು ಅದೇ ಫೋಲ್ಡರ್ ಮೇಲೆ ಕೂತಿದೆ. ಡಬ್ಬಿ ಮೇಲೆ ತಟ್ಟೆ ಇಟ್ಟ ಹಾಗೆ. ತಟ್ಟೆಯಲ್ಲಿರೋದು ಕಾಣತ್ತೆ, ಡಬ್ಬಿಯಲ್ಲಿರೋದು ಕಾಣಲ್ಲ."

"ಅಂದ್ರೆ ಅವತ್ತು ಅವನು ಅನುಮತಿ ಇಲ್ಲ ಅಂತ ಗೊಣಗಿದ್ದು..."

"ಡ್ರೈವ್ ಬಂದಿಲ್ಲ ಅಂತ ಹೇಳೋಕೆ ನೋಡಿದ ಪಾಪ. ನೀವು ಬಾಯಿ ಮುಚ್ಚಿಸಿದ್ರಿ."

ಅದು ಚಿಕ್ಕಮ್ಮನಿಗೆ ನಾಟಿತು. ಆದರೆ ಅದಕ್ಕಿಂತ ಹೆಚ್ಚು ನಾಟಿದ್ದು ಬೇರೆ. ಕರೆ ಹೋಯಿತೇ ಎಂದು ಆ ಕಡೆಯವರನ್ನು ಕೇಳಬೇಕು, ಇದು ಎಕ್ಸ್‌ಚೇಂಜಿನ ಮೊದಲ ಪಾಠ. ಇವರು ಇಷ್ಟು ದಿನ ತಾವೇ ಕರೆ ಮಾಡಿ, ತಾವೇ ಎತ್ತಿಕೊಂಡು, ಹಲೋ ಹಲೋ ಎಂದು ಖುಷಿಪಟ್ಟಿದ್ದರು. ವಿಂಡೋಸ್‌ನ ಕಡೆಯಿಂದ ಒಂದು ಸಲವೂ ಇಣುಕಿ ನೋಡಿರಲಿಲ್ಲ. ಇನ್ನೊಂದು ಗುಂಡಿ ಒತ್ತಿದ್ದರೆ ಬಾಡಿಗೆದಾರನ ಜೊತೆಗೆ ಭುಜವೂ ಬೆನ್ನೂ ಬೀದಿಪಾಲು.

ಸೊಸೆ ಹೇಳಿದಂತೆ ಮಾಡಿದರು. ಡ್ರೈವ್ ತೆಗೆದು, ಆರಿಸಿ ಹೊತ್ತಿಸಿ, 'ಇ' ಫೋಲ್ಡರಿನಲ್ಲಿ ಅಡಗಿದ್ದುದನ್ನು ಬೇರೊಂದು ಫೋಲ್ಡರಿಗೆ ಸಾಗಿಸಿದರು. ಮತ್ತೆ ಆರಿಸಿ, ಡ್ರೈವ್ ಚುಚ್ಚಿ, ಹೊತ್ತಿಸಿ, ಅಲ್ಲಿಂದ ಡ್ರೈವಿಗೆ ನಕಲು ಮಾಡಿದರು. ಈ ಸಲ ಬಾಡಿಗೆದಾರ ಗೊಣಗಲಿಲ್ಲ, ಯಜಮಾನಿ ಪದ ಬೇಕಾಗಲಿಲ್ಲ. ಕೊನೆಗೆ ವಿಂಡೋಸ್‌ನ ಬಾಗಿಲಿಂದ ನೋಡಿದರು. ಕಾಲಿನಿಂದ ಮಣಿಕಟ್ಟಿನವರೆಗೆ ಇಡೀ ಮನುಷ್ಯ ಅಲ್ಲಿದ್ದ.

"ಲೈನಿಂಗಲ್ಲೇ ಇತ್ತು ಅನ್ನು" ಎಂದರು ದರ್ಜಿ. ಸಂಜೆಯೊಳಗೆ ಆ ಮಾತನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿ ಮುಗಿಸಿದರು. ಚಿಕ್ಕಮ್ಮ ಗುಂಡಿ ಡಬ್ಬಿಯನ್ನು ಮರಳಿಸಿ ಅವರ ಬಾಯಿ ಮುಚ್ಚಿಸಲು ನೋಡಿದರು, ಮುಚ್ಚಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಲಾಂಡ್ರಿಯವಳು ಬಂದಳು. "ಚಿಕ್ಕಮ್ಮ, ಓದಿದ್ದನ್ನ ಒಬ್ಬರ ಮೈ ಮೇಲೆ ಮಾಡಿ ನೋಡ್ಬೇಕು. ಕೂತ್ಕೋತೀರಾ?"

ಚಿಕ್ಕಮ್ಮ ಕಂಪ್ಯೂಟರಿನ ಕುರ್ಚಿಯಲ್ಲೇ ಕೂತರು. ಅವಳು ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟಳು. ತುಟಿಯಲ್ಲೇ ಪಾಠ ಒಪ್ಪಿಸತೊಡಗಿದಳು: "ಹೆಗಲೆಲುಬಿನ ಮೇಲಿನ ಮೂಲೆಯಿಂದ ಕುತ್ತಿಗೆಯ ಕಡೆಗೆ ಏರುವ ಸ್ನಾಯು. ಬಹಳ ಹೊತ್ತು ಕೂತು ಕೆಲಸ ಮಾಡುವವರಲ್ಲಿ ಇದು ಗಂಟುಕಟ್ಟಿರುತ್ತದೆ." ಚಿಕ್ಕಮ್ಮ ಬೆಚ್ಚಿದರು. ಅದು ಅವರದೇ ಓದು. ಅದೇ ಏರಿಳಿತ, ಅದೇ ಎಳೆತ, 'ಗಂಟುಕಟ್ಟಿರುತ್ತದೆ' ಎಂಬಲ್ಲಿ ಉಸಿರು ಸಾಲದೆ ಚಿಕ್ಕಮ್ಮ ನಿಂತಿದ್ದರಲ್ಲ, ಅಲ್ಲೇ ಅವಳೂ ನಿಂತಳು. ಬೋರ್ಡು ಗುಜರಿಗೆ ಹೋದಮೇಲೆ ತಮ್ಮ ದನಿ ಯಾರಿಗೂ ಮುಟ್ಟುತ್ತಿಲ್ಲವೆಂದು ಒಳಗೊಳಗೇ ಕೊರಗುತ್ತಿದ್ದ ಹೆಂಗಸು. ಆ ದನಿ ಈಗ ಹತ್ತು ಬೆರಳುಗಳಾಗಿ ಅವರದೇ ಹೆಗಲಿಗೆ ಬಂದಿತ್ತು.

ಹೆಬ್ಬೆರಳು ಜರುಗುತ್ತ, ಹುಡುಕುತ್ತ, ಒಂದು ಕಡೆ ನಿಂತಿತು. ಈ ಕೋಣೆಯಲ್ಲಿ ಇಡೀ ಪುಸ್ತಕ ಓದಿದ ನೋವೆಲ್ಲ ಅಲ್ಲೇ ಕೂತಿತ್ತು. ಚಿಕ್ಕಮ್ಮನ ಕಣ್ಣು ತುಂಬಿತು, ಆದರೆ ಹಳೆಯ ಅಭ್ಯಾಸ ಬಿಡಬೇಕಲ್ಲ.

"ಸಿಕ್ತೇನಮ್ಮ?" ಎಂದು ಕೇಳಿದರು.

"ಸಿಕ್ತು ಚಿಕ್ಕಮ್ಮ" ಎಂದಳು ಅವಳು, ಮತ್ತು ಒತ್ತಿದಳು.