ನೊಕ್ವೇಜಿಯ ಚಪ್ಪಾಳೆ

ನೊಕ್ವೇಜಿಯ ಒಂದನೇ ತರಗತಿಗೂ ನಾನು ಪಾಠ ಮಾಡುವ ಎರಡನೇ ತರಗತಿಗೂ ನಡುವೆ ಇರುವುದು ಬರೀ ಒಂದು ಹಲಗೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಹಾಗಾಗಿ ಅವಳ ಪಾಠವನ್ನು ನನ್ನಷ್ಟು ಕೇಳಿದವರು ಯಾರೂ ಇಲ್ಲ. ಕೇಳಿ ಕೇಳಿ ನನ್ನಷ್ಟು ಹೊಟ್ಟೆ ಉರಿಸಿಕೊಂಡವರೂ ಇಲ್ಲ.

ಅವಳು ಪುಸ್ತಕವನ್ನು ಕೊನೆಗೆ ತೆಗೆಯುವವಳು. ಮೊದಲು ಹೊಳೆಯ ಜೇಡಿಮಣ್ಣು. ಮಕ್ಕಳು ಅದನ್ನು ಹಾವಿನ ಹಾಗೆ ಹೊಸೆದು, ಬೆರಳಲ್ಲಿ ಅಕ್ಷರದ ಆಕಾರಕ್ಕೆ ಬಗ್ಗಿಸಿ, ಸ್ಸ್ಸ್ ಎನ್ನಬೇಕು. ಆಮೇಲೆ ಚೀಲದಾಟ. ಬಟ್ಟೆಚೀಲಕ್ಕೆ ಕೈ ಹಾಕಿ, ಸಿಕ್ಕಿದ ವಸ್ತುವನ್ನು ಮುಟ್ಟಿ ನೋಡಿ, ಅದರ ಹೆಸರನ್ನು ತುಂಡು ತುಂಡಾಗಿ ಕೂಗುತ್ತ, ಅಂಗಳದಲ್ಲಿ ಬೂದಿಯಿಂದ ಬರೆದ ಮನೆಗಳಲ್ಲಿ ಕುಪ್ಪಳಿಸಬೇಕು. ಒಂದು ಸದ್ದಿಗೆ ಒಂದು ಮನೆ. ಮಳೆಗಾಲ ಬರುವ ಹೊತ್ತಿಗೆ ಅವಳ ಮಕ್ಕಳು ಅಂಗಡಿಯ ಸಕ್ಕರೆ ಚೀಲದ ಮೇಲಿನ ಬರಹವನ್ನೂ ಓದಿ ಅಂಗಡಿಯವನ ತಲೆ ತಿನ್ನುತ್ತಿದ್ದವು.

ಆದರೆ ಸ, ಸೆ, ಸಿ, ಸೊ, ಸು ಎಂಬ ಸ ಕಾರದ ಸಾಲಿಗೆ ಬಂದಾಗ ಮಾತ್ರ ಹಲಗೆಯಾಚೆಯಿಂದ ಬೇರೆಯೇ ಕೇಳುತ್ತಿತ್ತು. "ಸ! ಸೆ! ಸಿ!" ಆಮೇಲೆ ಪಟ್ ಎಂದು ಒಂದು ಚಪ್ಪಾಳೆ. ಆಮೇಲೆ "ಸು!"

ನಾನು ಆಟವೆಂದುಕೊಂಡೆ. ಒಂದು ದಿನ ಚಹಾ ಕುಡಿಯುವಾಗ ಹೊಳೆಯಿತು. ಅವಳ ಮಾವನ ಹೆಸರು ಸೊನ್ವಾಬಿಲೆ.

ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹೆಸರಿನ ಮೊದಲ ಸದ್ದು ಬೇರೆ ಯಾವ ಮಾತಿನಲ್ಲಿ ಬಂದರೂ ಅದನ್ನೂ ಬಿಟ್ಟು ಮಾತಾಡಬೇಕು. ನನ್ನ ಮಾವನ ಹೆಸರು ವಿಲ್ಸನ್. ನಮ್ಮ ಮಾತಿನಲ್ಲಿ ಆ ಸದ್ದು ಬರುವುದೇ ಅಪರೂಪ, ಹಾಗಾಗಿ ನನಗೆ ಮರ್ಯಾದೆ ಪುಕ್ಕಟೆಯಾಗಿ ದಕ್ಕಿತು. ಪಾಪ, ಇವಳಿಗೆ ರೊಟ್ಟಿಯ ಹೆಸರಲ್ಲೇ ಮಾವ ಕೂತಿದ್ದ. ನಾವು ರೊಟ್ಟಿಗೆ ಇಸೊನ್ಕ ಅನ್ನುತ್ತೇವೆ.

ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ ಎಡವಿದ್ದಳು. ಮಾವನ ಎದುರಿಗೇ "ಇಸೊನ್ಕ ತರಲಾ?" ಎಂದುಬಿಟ್ಟಳು. ಅತ್ತೆ ಬಾಗಿಲು ತೋರಿಸಿದಳು. ನೊಕ್ವೇಜಿ ತವರಿಗೆ ನಡೆದು ಹೋಗಿ, ತಪ್ಪಿಗೆ ಕೋಳಿ ತಂದು ಒಪ್ಪಿಸಿದಳು. ಕಂಕುಳಲ್ಲಿ ಕೋಳಿ ಅವುಚಿಕೊಂಡು ಒಂಟಿಯಾಗಿ ಬರುವ ಸೊಸೆಯನ್ನು ನಮ್ಮ ಕಡೆ ಯಾರೂ ಯಾಕೆಂದು ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ. ಕಾಲೇಜಿನಲ್ಲಿ ಓದಿ ಬಂದವಳು ಆ ದಾರಿಯುದ್ದಕ್ಕೂ ನಾಚಿಕೆಯಿಂದ ನೆಲಕ್ಕಿಳಿದು ಹೋಗಿದ್ದಳಂತೆ. ಅಂದಿನಿಂದ ಆ ಸದ್ದು ಅವಳ ಬಾಯಿಂದ ಬಂದಿರಲಿಲ್ಲ.

"ಅಲ್ವೇ, ನಿನ್ನ ಮಾವ ಏನು ಒಂದನೇ ಕ್ಲಾಸಿಗೆ ಸೇರ್ಕೊಂಡಿದ್ದಾರಾ?" ಎಂದು ನಾನೇ ಕೆಣಕಿದೆ.

"ನಗಬೇಡಿ ಅಕ್ಕ. ಅವರು ಇಲ್ಲಿ ಇಲ್ದೇ ಇದ್ರೇನು, ಮನೆತನದ ತೀರಿಹೋದ ಹಿರೀಕರಿಗೆ ಕಿವಿ ಇಲ್ವಾ?"

"ಮಕ್ಕಳ ಗತಿ?"

"ಒಂದು ಸದ್ದು ತಾನೇ. ಚಪ್ಪಾಳೇಲೇ ಕಲೀತಾವೆ."

ಹೌದು, ಕಲಿತವು. ಎಷ್ಟು ಚೆನ್ನಾಗಿ ಕಲಿತವು ಎಂದು ಆಮೇಲೆ ಗೊತ್ತಾಯಿತು.

ಆ ವರ್ಷದ ನಡುವಿನಲ್ಲಿ ಮಾಡ್ಲೋಮೊ ಅಜ್ಜಿ ತನ್ನ ಮೊಮ್ಮಗಳನ್ನು ತಂದು ಸೇರಿಸಿದಳು. ಮಗುವಿನ ಅಮ್ಮ ಕೇಪ್‌ಟೌನಿನಲ್ಲಿ ಕೆಲಸಕ್ಕಿದ್ದಳು. ಪಿಳಿಪಿಳಿ ಕಣ್ಣಿನ, ಮಾತೇ ಇಲ್ಲದ ಮಗು. ಹೆಸರು ಸೊಮಿಲಾ.

ನೊಕ್ವೇಜಿ ಆ ಹೆಸರನ್ನು ಕೇಳಿದಾಗಲೇ ಬೆವರಿದ್ದಳು. ನಾನು ನೋಡಿದೆ. ಮಗುವನ್ನು ಹೇಗೆ ಕರೆಯುತ್ತಾಳೋ ಎಂದು ಕಿವಿ ಕೊಟ್ಟು ಕೂತೆ. ಪಟ್! ಒಂದು ಚಪ್ಪಾಳೆ, ಅಷ್ಟೇ. ಮಕ್ಕಳಿಗೆ ಅದು ಬಲು ಹಿಡಿಸಿತು. ವಾರ ಕಳೆಯುವುದರೊಳಗೆ ಬಯಲಿನಲ್ಲೂ ಹೊಳೆದಂಡೆಯಲ್ಲೂ ಆ ಹುಡುಗಿಯನ್ನು ಎಲ್ಲರೂ ಚಪ್ಪಾಳೆ ತಟ್ಟಿಯೇ ಕರೆಯುತ್ತಿದ್ದರು.

"ಕೋಳಿ ಓಡಿಸೋ ಹಾಗೆ ಕರೀತೀಯಲ್ಲೇ ಆ ಮಗೂನ," ಎಂದೆ.

"ಅವಳಿಗೂ ಇಷ್ಟ ಅಕ್ಕ, ಓಡಿ ಬರ್ತಾಳೆ," ಎಂದಳು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ.

ವರ್ಷದ ಕೊನೆಯಲ್ಲಿ ಹಿರಿಯರನ್ನು ಕರೆಸಿ ಮಕ್ಕಳ ಓದು ತೋರಿಸುವ ಪದ್ಧತಿ. ಊರಿನವರೆಲ್ಲ ನೀಲಗಿರಿ ಮರದ ನೆರಳಿಗೆ ಬಂದಿದ್ದರು. ಮುಂದಿನ ಕುರ್ಚಿಯಲ್ಲಿ ಕೋಲು ಊರಿಕೊಂಡು, ಪೈಪು ಕಚ್ಚಿಕೊಂಡು ಸೊನ್ವಾಬಿಲೆ. ನೊಕ್ವೇಜಿ ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡು, ಹೆಗಲ ಶಾಲು ಬಿಗಿದುಕೊಂಡು ನಿಂತಿದ್ದಳು. ಟೀಚರಿಗಿಂತ ಸೊಸೆಯೇ ಎದ್ದು ಕಾಣುತ್ತಿದ್ದಳು.

ಚೀಲಕ್ಕೆ ಕೈ ಹಾಕುವ ಗೌರವ ಮುದುಕನಿಗೇ ಕೊಟ್ಟರು. ಬಟಾಣಿ, ಚಮಚ, ಬಾಚಣಿಗೆ ಇಷ್ಟೇ ಅದರೊಳಗೆ ಇದ್ದದ್ದು. ಆದರೆ ಯಾವ ಮಗುವೋ ಬೆಳಿಗ್ಗೆ ತಿಂದುಳಿದ ರೊಟ್ಟಿಯನ್ನೂ ಅದರಲ್ಲೇ ತುರುಕಿತ್ತು. ಮುದುಕ ಅದನ್ನೇ ಎತ್ತಿ ಹಿಡಿದ. ಮಕ್ಕಳೆಲ್ಲ ಒಂದೇ ದನಿಯಲ್ಲಿ "ಇ..." ಎಂದು, ಪಟ್ ಎಂದು ಚಪ್ಪಾಳೆ ಹೊಡೆದು, "...ನ್ಕ!" ಎಂದು ಕುಪ್ಪಳಿಸಿದವು.

ಜನ ಮೊದಲು ಬೆಪ್ಪಾದರು. ಆಮೇಲೆ ಒಬ್ಬಳಿಗೆ ಅರ್ಥವಾಯಿತು. ಅವಳು ನಾಲಿಗೆ ಹೊರಳಿಸಿ ಸಂಭ್ರಮದ ಉಲುಲು ಕೇಕೆ ಹಾಕಿದಳು. "ಅಯ್ಯೋ, ಸೊಸೆ ಅಂದ್ರೆ ಇವಳು ಕಣ್ರೇ! ಮಕ್ಕಳ ಬಾಯಲ್ಲೂ ಮಾವನ ಹೆಸರು ಕಾಯ್ತಾಳೆ!" ಹೆಂಗಸರೆಲ್ಲ ದನಿಗೂಡಿಸಿದರು. ಸೊನ್ವಾಬಿಲೆಯ ಎದೆ ಉಬ್ಬಿತು. ನೊಕ್ವೇಜಿ ತಲೆ ಎತ್ತಲಿಲ್ಲ. ವಿನಯ ಎಂದುಕೊಂಡರು.

ಕೊನೆಯ ಆಟ ಅವಳೇ ಹೂಡಿದ್ದು, ಪ್ರತಿ ವರ್ಷದ್ದು. ಎಲ್ಲ ಮಕ್ಕಳೂ ತಮ್ಮ ತಮ್ಮ ಹೆಸರಿನ ಮೊದಲ ಸದ್ದಿನ ಮನೆಗೆ ಓಡಿ ನಿಲ್ಲಬೇಕು. ಗುಬ್ಬಿಗಳಂತೆ ಹಾರಿದವು. ಬೂದಿಯ ಮನೆಗಳೆಲ್ಲ ತುಂಬಿದವು. ಒಂದು ಮಗು ಮಾತ್ರ ಆಚೆ ಹುಲ್ಲಿನ ಮೇಲೆ ನಿಂತೇ ಇತ್ತು.

"ಏ ಕೂಸೇ, ನಿನ್ನ ಮನೆಗೆ ಹೋಗಿ ನಿಂತ್ಕೊಳ್ಳೇ!" ಎಂದು ಮಾಡ್ಲೋಮೊ ಅಜ್ಜಿ ಕೂಗಿದಳು.

"ನಂಗೆ ಮನೆ ಇಲ್ಲ ಅಜ್ಜಿ," ಎಂದಿತು ಮಗು. "ನಾನು ಚಪ್ಪಾಳೆ."

"ಏನಂದೆ?"

ಮಗು ಪುಟ್ಟ ಕೈಗಳನ್ನು ಪಟ್ ಎಂದು ತಟ್ಟಿ ತೋರಿಸಿತು. "ಮಿಸ್ ನನ್ನ ಹಿಂಗೇ ಕರೆಯೋದು."

ಮಾಡ್ಲೋಮೊ ಎದ್ದಳು. ಅವಳ ಬಾಯಿಗೆ ಸಿಕ್ಕವರು ಉಳಿದದ್ದಿಲ್ಲ. ಆದರೆ ಅಂದು ದನಿ ಏರಿಸಲಿಲ್ಲ. "ಸೊನ್ವಾಬಿಲೆ, ನಿಮ್ಮ ಸೊಸೆ ನಿಮಗೆ ಮರ್ಯಾದೆ ಕೊಟ್ಲು, ಒಳ್ಳೇದು. ತನ್ನ ಗಂಟಿಂದ ಕೊಡಲಿ. ನನ್ನ ಕೂಸಿನ ಹೆಸರು ಕಿತ್ಕೊಂಡು ಕೊಡು ಅಂದೋರು ಯಾರು? ಅದು ನನ್ನ ಗಂಡ ಸಾಯೋ ಮುಂಚೆ ಇಟ್ಟ ಹೆಸರು."

ಉಲುಲು ಹಾಕಿದವಳು ಶಾಲಿನಂಚನ್ನು ನೋಡುತ್ತ ಕೂತಳು. ನನಗೂ ನಾಚಿಕೆಯಾಯಿತು, ಕೆಣಕಿ ಸುಮ್ಮನಾಗಿದ್ದೆನಲ್ಲ ಎಂದು. ನೊಕ್ವೇಜಿ ಮಾತ್ರ ಕೋಳಿ ಹೊತ್ತು ಬಂದ ದಿನಕ್ಕಿಂತಲೂ ಚಿಕ್ಕವಳಾಗಿ ಹೋಗಿದ್ದಳು. ಅಂದಿನ ತಪ್ಪಿಗಾದರೂ ಒಂದು ಕೋಳಿ ಸಾಕಾಗಿತ್ತು.

ಸೊನ್ವಾಬಿಲೆ ಪೈಪು ಜೇಬಿಗಿಳಿಸಿದ. ಟೋಪಿ ತೆಗೆದ. ನಿಧಾನವಾಗಿ ಅಂಗಳಕ್ಕಿಳಿದು, ಸಿ ಮತ್ತು ಸು ನಡುವೆ ಕೋಲಿನಿಂದ ಒಂದು ಸೊಟ್ಟ ಮನೆ ಗೀಚಿದ.

"ಮಗಳೇ, ಮನೇಲಿ ನನ್ನ ಹೆಸರು ಕಾಯಿ, ಬೇಡ ಅನ್ನಲ್ಲ. ಇಲ್ಲಿ ಕಾಯಬೇಡ. ಈಗಷ್ಟೇ ಎದೆ ಉಬ್ಬಿಸ್ಕೊಂಡು ಕೂತಿದ್ದೆ ನೋಡು, ನಂಗೇ ನಾಚಿಕೆ ಆಗ್ತಿದೆ. ಕರಿ ಆ ಮಗೂನ."

"ಆಗಲ್ಲ ಅಪ್ಪ..."

"ನಾನೇ ಹೇಳ್ತಿದೀನಲ್ಲ. ಕರಿ."

ಅವಳು ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು. ಎರಡು ಕೈಗಳೂ ಅಭ್ಯಾಸ ಬಲದಿಂದ ಹತ್ತಿರ ಬಂದವು. ಅವನ್ನು ಶಾಲಿನೊಳಗೆ ಹುದುಗಿಸಿಕೊಂಡಳು. ಆಮೇಲೆ, ಎಲ್ಲರಿಗೂ ಕೇಳುವಂತೆ, "ಸೊಮಿಲಾ," ಎಂದಳು.

ಮಗು ಹುಲ್ಲು ಕೀಳುತ್ತಿತ್ತು. ತಿರುಗಲಿಲ್ಲ.

"ಸೊಮಿಲಾ, ಬಾ ಕಂದ."

ಮಗು ಈಗ ತಲೆ ಎತ್ತಿ, ಮಿಸ್ ಯಾರನ್ನು ಕರೆಯುತ್ತಿದ್ದಾರೆ ಎಂದು ಹಿಂದೆ ಮುಂದೆ ನೋಡಿತು. ಹಿಂದೆ ಯಾರೂ ಇರಲಿಲ್ಲ. ಮತ್ತೆ ಹುಲ್ಲಿನ ಕಡೆ ಬಗ್ಗಿತು.

ಕೊನೆಗೆ ಪಕ್ಕದ ಮನೆಯಲ್ಲಿ ನಿಂತಿದ್ದ ಒಂದು ಹುಡುಗಿ ತಾಳಲಾರದೆ ಪಟ್ ಎಂದು ಚಪ್ಪಾಳೆ ತಟ್ಟಿದಳು. ಸೊಮಿಲಾ ಓಡಿ ಬಂದಳು. ನೊಕ್ವೇಜಿಯ ಮುಂದೆ ನಿಂತು, "ಕರೆದ್ರಾ ಮಿಸ್?" ಎಂದಳು.