ಬೊಗುಶಾಳ ಎಂಟು ಕಪ್ಪೆಚಿಪ್ಪುಗಳು

ಓಲ್ಶಿನೆಕ್ ಊರಿನ ನೀರು ಸರಬರಾಜು ಕಟ್ಟಡದಲ್ಲಿ ನಿಜವಾಗಿ ಕೆಲಸ ಮಾಡುವವರು ಎಂಟು ಜನ. ಅವರಿಗೆ ಕಣ್ಣಿಲ್ಲ, ಮೂಗಿಲ್ಲ, ತಲೆಯಂತೂ ಇಲ್ಲವೇ ಇಲ್ಲ. ಅವು ಕೆರೆಯ ಕಪ್ಪೆಚಿಪ್ಪುಗಳು. ಅವುಗಳನ್ನು ಕೆಲಸಕ್ಕೆ ಹಚ್ಚುವವಳು ಬೊಗುಮಿಲಾ, ಊರಿಗೆಲ್ಲ ಬೊಗುಶಾ. ಇಪ್ಪತ್ತೆರಡು ವರ್ಷಗಳಿಂದ, ಮೂರು ತಿಂಗಳಿಗೊಮ್ಮೆ, ತೊಡೆಯವರೆಗಿನ ರಬ್ಬರ್ ಬೂಟು ತೊಟ್ಟು ಕೆರೆಗಿಳಿಯುತ್ತಾಳೆ. ಸುಮ್ಮಸುಮ್ಮನೆ ಮುದುಡಿ ಕೂರುವ ಪುಕ್ಕಲುಗಳನ್ನು ಅಲ್ಲೇ ಬಿಟ್ಟು, ಗಟ್ಟಿ ಜೀವಗಳನ್ನು ಆರಿಸಿ ತಂದು, ಬೆನ್ನಿಗೆ ತಂತಿ ಅಂಟಿಸಿ ನದಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಾಳೆ. ಚಿಪ್ಪು ಬಾಯಿ ತೆರೆದಿದ್ದರೆ ಕಂಪ್ಯೂಟರಿನಲ್ಲಿ ಅದರ ಗೆರೆ ಮೇಲಿರುತ್ತದೆ, ಮುಚ್ಚಿದರೆ ಕೆಳಗೆ ಬೀಳುತ್ತದೆ. ಐದು ಒಟ್ಟಿಗೆ ಮುಚ್ಚಿದರೆ ಗಂಟೆ ಹೊಡೆಯುತ್ತದೆ, ಊರಿನ ನೀರು ನಿಲ್ಲಿಸಬೇಕು. ಮೂರು ತಿಂಗಳು ತುಂಬಿದ ಮೇಲೆ ಅವುಗಳ ಬೆನ್ನಿಗೆ ಕೆಂಪು ಉಗುರುಬಣ್ಣದ ಗೆರೆ ಎಳೆದು ಕೆರೆಗೆ ಬಿಡುತ್ತಾಳೆ. ಕೆಂಪು ಗೆರೆಯವರನ್ನು ಮತ್ತೆ ಕೆಲಸಕ್ಕೆ ಕರೆಯುವಂತಿಲ್ಲ. ಇದು ಎಲ್ಲೂ ಬರೆದಿಟ್ಟ ಕಾಯಿದೆಯಲ್ಲ, ಬೊಗುಶಾಳದೇ.

ನೀರು ಕೆಟ್ಟರೆ ಬಾಯಿ ಮುಚ್ಚುವ ಈ ವಿದ್ಯೆಯನ್ನು ಚಿಪ್ಪು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಓಡಿಹೋಗಲು ಕಾಲಿಲ್ಲದ ಜೀವ. ಸುತ್ತಲಿನ ನೀರನ್ನೇ ಉಸಿರಾಡಬೇಕು, ಅದರಲ್ಲಿ ತೇಲಿ ಬಂದದ್ದನ್ನೇ ಉಣ್ಣಬೇಕು. ನೀರಿಗೆ ಕೆಟ್ಟದ್ದು ಸೇರಿದಾಗ ಅದರ ರುಚಿ ತಿಳಿಯದವು ಸತ್ತವು, ಮರಿ ಬಿಡಲಿಲ್ಲ. ಚುರುಕಾಗಿ ಬಾಯಿ ಮುಚ್ಚಿದವು ಬದುಕಿದವು, ಮರಿ ಬಿಟ್ಟವು. ಹೀಗೆ ಕೋಟಿ ಕೋಟಿ ವರ್ಷ ಸೋಸಿ ಸೋಸಿ, ಮೈಯಂಚಿನ ಮೆತ್ತನೆಯ ತೊಗಲಿಗೇ ನಾಲಿಗೆಯ ಗುಣ ಬಂತು. ಆದರೆ ಒಂದೇ ತೊಟ್ಟಿಯಲ್ಲಿ ಬಹಳ ದಿನ ಇಟ್ಟರೆ ಅದಕ್ಕೂ ರೂಢಿಯಾಗಿ ಆ ನಾಲಿಗೆ ಮಂಕಾಗುತ್ತದೆ. ಅದಕ್ಕೇ ಮೂರು ತಿಂಗಳ ಗಡುವು. ಇಷ್ಟು ಸರಳ ಮಾತು ನಿರ್ದೇಶಕ ಸೆವೆರಿನ್‌ನ ತಲೆಗೆ ಇಳಿಯಲಿಲ್ಲ, ಅವನಿಗೆ ಮಾತ್ರ ತಲೆ ಇತ್ತು.

ಡಿಸೆಂಬರಿನಲ್ಲಿ ಹೊಸ ಎಂಟನ್ನು ಕೂರಿಸಿದ ವಾರವೇ ಬೊಗುಶಾ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ಮಾರ್ಚಿನಲ್ಲಿ ಚಿಪ್ಪು ಬದಲಾಯಿಸಿ ಎಂದು ಸೆವೆರಿನ್‌ಗೆ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು. ಅವನು ಆಗಲಿ ಎಂದಿದ್ದ. ರಜೆ ಮುಗಿಯಲು ಇನ್ನೂ ಮೂರು ದಿನ ಇರುವಾಗಲೇ, ಮೇ ತಿಂಗಳ ಒಂದು ಶುಕ್ರವಾರ, ಮನಸ್ಸು ತಡೆಯದೆ ಕುಂಟುತ್ತ ಬಂದಳು. ತೊಟ್ಟಿಯಲ್ಲಿ ಡಿಸೆಂಬರಿನ ಅದೇ ಎಂಟು, ಅವಳದೇ ಅಂಟು.

ಸೆವೆರಿನ್ ಹೆಮ್ಮೆಯಿಂದ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. "ನೋಡಿ ಬೊಗುಶಾ ಅವ್ರೇ, ಐದು ತಿಂಗ್ಳಲ್ಲಿ ಒಂದ್ಸಲಾನೂ ಗಂಟೆ ಹೊಡೀಲಿಲ್ಲ. ಅನುಭವ ಇರೋರನ್ನ ಯಾರಾದ್ರೂ ಕೆಲಸದಿಂದ ತೆಗೀತಾರಾ?" ಶಾಂತ ಚಳಿಗಾಲವೆಂದು ಜಿಲ್ಲೆಗೆ ವರದಿಯೂ ಹೋಗಿತ್ತಂತೆ.

ಅವಳು ಗೆರೆಗಳನ್ನು ನೋಡಿದಳು. ಮೂರು ಸಣ್ಣಗೆ ಅಲುಗುತ್ತಿದ್ದವು, ಉಸಿರಾಡುವ ಚಿಪ್ಪಿನ ಗೆರೆ ಹಾಗೇ ಇರುವುದು. ಉಳಿದ ಐದು ಅಡಿಪಟ್ಟಿ ಇಟ್ಟು ಎಳೆದಷ್ಟು ನೇರ. ಅವಳು ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದಳು. ಮೇಲೆ ಬಂದದ್ದು ನಾರುವ ಲೋಳೆ ಮತ್ತು ಅಗಲಕ್ಕೆ ಬಾಯಿಬಿಟ್ಟ ಚಿಪ್ಪು. ಸತ್ತ ಚಿಪ್ಪಿಗೆ ಬಾಯಿ ಮುಚ್ಚುವ ಶಕ್ತಿ ಇರುವುದಿಲ್ಲ. ಕಂಪ್ಯೂಟರಿಗೆ ಬಾಯಿ ತೆರೆದಿದ್ದರೆ ಸಾಕು, ಎಲ್ಲ ಕ್ಷೇಮ. ಯಾವಾಗ ಸತ್ತವೋ, ಅಲ್ಲಿಂದ ಊರಿನ ನೀರಿಗೆ ಹೆಣಗಳು ಕಾವಲಿದ್ದವು.

ನೀರು ಹೇಗಿದೆಯೆಂದು ಈಗಲೇ ನೋಡಬೇಕೆಂದಳು. ಸೆವೆರಿನ್ ಮೆತ್ತಗಾದ. ಭಾನುವಾರ ಇಗರ್ಜಿಯಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದದ ಹಬ್ಬ, ಮನೆಮನೆಗೂ ನೆಂಟರು, ಅವನ ಮಗಳೂ ಬಿಳಿ ಲಂಗ ಹಾಕಿಕೊಂಡು ನಿಲ್ಲುವವಳು. ಸೋಮವಾರದವರೆಗೆ ಸುಮ್ಮನಿರೋಣ ಎಂದ. ಆ ಮಕ್ಕಳೇ ತಾನೇ ಈ ನೀರು ಕುಡಿಯುವುದು ಎಂದು ಕೇಳಿ ಅವಳು ಬೂಟು ಹುಡುಕಲು ಹೋದಳು.

ವಾಸಿಯಾಗದ ಕಾಲಲ್ಲೇ ಕೆರೆಗಿಳಿದು ಹತ್ತು ಚಿಪ್ಪು ತಂದಳು. ಎಂಟನ್ನು ತಂತಿ ಅಂಟಿಸದೆಯೇ ತೊಟ್ಟಿಗೆ ಇಳಿಸಿದಳು, ಎರಡನ್ನು ಕೆರೆಯ ನೀರಿದ್ದ ಬಕೆಟ್ಟಿನಲ್ಲೇ ಬಿಟ್ಟಳು. ಎಲ್ಲವೂ ಮುಚ್ಚಿಕೊಂಡಿದ್ದವು. ಹೊಸ ಜಾಗ, ದಾರಿಯಲ್ಲಿ ಬೆದರಿವೆ ಎಂದ ಸೆವೆರಿನ್. ಇರಬಹುದು ಎಂದು ಅವಳೂ ಸ್ಟೂಲು ಎಳೆದುಕೊಂಡು ಕೂತಳು. ಒಂದು ಗಂಟೆ ಕಳೆಯುವ ಹೊತ್ತಿಗೆ ಬಕೆಟ್ಟಿನ ಎರಡೂ ಮೆಲ್ಲಗೆ ಬಾಯಿ ತೆರೆದವು. ತೊಟ್ಟಿಯವು ಒಮ್ಮೆ ಸ್ವಲ್ಪ ತೆರೆದು, ರುಚಿ ನೋಡಿ, ಎಂಟೂ ಬಿಗಿಯಾಗಿ ಮುಚ್ಚಿಕೊಂಡವು. ಎರಡು ಗಂಟೆ ಕಳೆದರೂ ಅಲುಗಲಿಲ್ಲ.

"ಹೆದರಿದ್ರೆ ಹತ್ತೂ ಹೆದರ್ಬೇಕಿತ್ತು ಸೆವೆರಿನ್," ಎಂದು ಹೇಳಿ ಅವಳೇ ಹೋಗಿ ನೀರು ನಿಲ್ಲಿಸಿದಳು.

ಶನಿವಾರ ಊರೆಲ್ಲ ಅವಳಿಗೆ ಹಿಡಿಶಾಪ ಹಾಕಿತು. ಕೋಳಿ ಸಾರಿಗೆ ನೀರಿಲ್ಲ, ನೆಂಟರ ಕೈಕಾಲಿಗೆ ನೀರಿಲ್ಲ. ಇಪ್ಪತ್ತೆರಡು ವರ್ಷ ಯಾರ ಕಾವಲಲ್ಲಿ ನೀರು ಕುಡಿದರೋ ಅವಳನ್ನೇ ಬ್ರೆಡ್ ಅಂಗಡಿಯ ಸಾಲಿನಲ್ಲಿ ತಲೆಕೆಟ್ಟವಳೆಂದು ಆಡಿಕೊಂಡರು. ನೀರು ಪರೀಕ್ಷಿಸಿದ ಪ್ರಯೋಗಾಲಯದ ಕಾಗದ ಬಂದದ್ದು ಬುಧವಾರ: ನದಿಯ ಮೇಲ್ದಂಡೆಯ ಸಾಸಿವೆ ಹೊಲಗಳಿಗೆ ಹೊಡೆದ ಕೀಟನಾಶಕ, ನೀರಿನಲ್ಲಿ ಇರಬಹುದಾದ್ದಕ್ಕಿಂತ ಆರು ಪಟ್ಟು. ಸಾಲಿನಲ್ಲಿದ್ದವರಲ್ಲಿ ಒಬ್ಬರಾದರೂ ಬಂದು ತಪ್ಪಾಯಿತು ಎನ್ನಲಿಲ್ಲ. ಗುರುವಾರ ಅವಳಿಗೆ ಇನ್ನೊಂದು ಕಾಗದ ಬಂತು. ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಬಂದು, ಅನುಮತಿಯಿಲ್ಲದೆ ನೀರು ನಿಲ್ಲಿಸಿದ್ದಕ್ಕೆ ಎಚ್ಚರಿಕೆ. ಕೆಳಗೆ ಸೆವೆರಿನ್‌ನ ಸಹಿ.

ಅವಳು ಸತ್ತ ಐದು ಚಿಪ್ಪುಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು ಒಣಗಿಸಿದಳು. ಡಿಸೆಂಬರಿನ ಎಂಟಕ್ಕೂ ಕೆಂಪು ಗೆರೆ ಎಳೆದಳು. ಬದುಕಿದ್ದ ಮೂರನ್ನು ಕೆರೆಗೆ ಬಿಟ್ಟು ಬಂದು, ಉಳಿದ ಐದನ್ನು ನಿರ್ದೇಶಕನ ಮೇಜಿನ ಮೇಲೆ ಆ ಎಚ್ಚರಿಕೆಯ ಕಾಗದವನ್ನೇ ಹಾಸಿ ಸಾಲಾಗಿ ಇಟ್ಟಳು.

ಇದೇನು ಎಂದು ಅವನು ಕೇಳಿದ.

"ನಿಮಗೆ ಬೇಕಾದಂಥ ಕೆಲಸಗಾರ್ರು," ಎಂದಳು ಬೊಗುಶಾ. "ಸತ್ರೂ ತಕರಾರು ಮಾಡ್ಲಿಲ್ಲ."